ಬೀಸುಕಲ್ಲಿಗೆ ಬಡಿದ ಫೋನು

ಹರಿಹರ
ಜುಲೈ ೧೪, ೨೦೨೫

ಪ್ರೀತಿಯ ತಮ್ಮ ಕೊಟ್ಟೂರೇಶನಿಗೆ,

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದೆಯಲ್ಲ, ನಾಚಿಕೆಯಾಗಬೇಕು ನಿನಗೆ. ದಾವಣಗೆರೆಯಲ್ಲಿ ಫೋನಿನ ಅಂಗಡಿ ಇಟ್ಟವನು ಅಕ್ಕನ ಫೋನು ಎತ್ತುವುದಿಲ್ಲ ಎಂದರೆ ಇನ್ನೇನು ಮಾಡಲಿ? ನಿನ್ನ ಮಂಡಿನೋವು ಹೇಗಿದೆ? ನಿನ್ನ ಹೆಂಡತಿ ದ್ರಾಕ್ಷಾಯಣಿ ಚೆನ್ನಾಗಿದ್ದಾಳೆಯೇ? ನಿನಗೆ ಮಾತ್ರೆ ತಪ್ಪಿಸಬಾರದೆಂದು ಅವಳಿಗೆ ಹೇಳು. ನಾನು ಗಟ್ಟಿಯಾಗಿಯೇ ಇದ್ದೇನೆ. ಒಡೆದದ್ದು ನೀನು ಕೊಟ್ಟ ಫೋನು ಮಾತ್ರ.

ಅದನ್ನು ಕೊಟ್ಟ ದಿನ ಏನೆಂದೆ? “ಆಳೆತ್ತರದಿಂದ ಬಿದ್ರೂ ಏನೂ ಆಗಲ್ಲಕ್ಕಾ, ಕಂಪನಿಯೋರು ಬೀಳ್ಸಿ ಬೀಳ್ಸಿ ನೋಡ್ಯಾರ.” ನನ್ನದು ಆಳೆತ್ತರದಿಂದ ಬೀಳಲಿಲ್ಲ. ಮಂಚದಿಂದ ಜಾರಿ ಪಕ್ಕದ ಬೀಸುಕಲ್ಲಿನ ಅಂಚಿಗೆ ಬಡಿಯಿತು, ಗಾಜಿನ ತುಂಬ ಬಿರುಕು. ಅಂಗಡಿಗೆ ತಂದರೆ, ಕಂಪನಿಯವರು ಸಪಾಟು ನೆಲದ ಮೇಲೆ ಬೀಳಿಸಿ ನೋಡಿರುತ್ತಾರೆ, ಕಲ್ಲಿನ ಅಂಚು ಲೆಕ್ಕಕ್ಕಿಲ್ಲ ಎಂದೆ ನೀನು. ಕೈಜಾರಿದ ಫೋನು ಸಪಾಟು ನೆಲ ಹುಡುಕಿಕೊಂಡು ಹೋಗಿ ಬೀಳುತ್ತದೇನೋ? ಅಷ್ಟರಲ್ಲಿ ಹೊಸ ಫೋನು ಕೊಳ್ಳಲು ಬಂದಿದ್ದ ಹಯಾತ್ ಸಾಬ್, ಬೇರೆ ಯಾರೋ ಇದೇ ಫೋನನ್ನು ಬೀಳಿಸಿ ನೋಡಿದ ವಿಡಿಯೋ ತೋರಿಸಿದರು. ಸೊಂಟದೆತ್ತರಕ್ಕೇ ಚೂರು ಚೂರು. ಆ ಪರೀಕ್ಷೆ ಸುಳ್ಳು ಎಂದೆ ನೀನು. ಕಂಪನಿಯದೇ ಸುಳ್ಳು ಎಂದೆ ನಾನು. ಸಾಬರು ಏನೂ ಕೊಳ್ಳದೆ ಎದ್ದು ಹೋದರು. “ಅಕ್ಕಾ, ನನ್ನ ಅಂಗಡಿ ಬಾಗ್ಲಾ ಹಾಕಿಸ್ಬೇಕಂತ ಬಂದೀಯೇನು?” ಎಂದು ರೇಗಿದೆ. ಅವತ್ತಿನಿಂದ ನಿನ್ನ ದನಿಯೇ ಇಲ್ಲ.

ಆನೆಕೊಂಡದ ನಮ್ಮ ತವರುಮನೆಯ ಹಿತ್ತಿಲ ಬೇವಿನ ಮರ ನೆನಪಿದೆಯೇನೋ? ಪಂಚಮಿಗೆ ಅಪ್ಪ ಜೋಕಾಲಿ ಕಟ್ಟಿದ ಕೂಡಲೇ ನನ್ನನ್ನು ಹತ್ತಗೊಡುತ್ತಿರಲಿಲ್ಲ ನೀನು. “ತಡಿ ಅಕ್ಕಾ, ನಾ ಮೊದ್ಲು ಕುಂತು ನೋಡ್ತೀನಿ” ಅನ್ನುತ್ತಿದ್ದೆ. ನನ್ನಷ್ಟು ತೂಕ ನಿನಗಿಲ್ಲವೆಂದು ರುಬ್ಬುವ ಗುಂಡುಕಲ್ಲನ್ನು ಮಡಿಲಲ್ಲಿಟ್ಟುಕೊಂಡು, ಕೊಂಬೆ ಕಿರುಗುಟ್ಟುವಂತೆ ಜೀಕುತ್ತಿದ್ದೆ. ಒಂದು ವರ್ಷ ಹಗ್ಗ ಹರಿದು ಗದ್ದ ಒಡೆದುಕೊಂಡೆ. ರಕ್ತ ಸುರಿಯುತ್ತಿದ್ದರೂ, “ನೋಡ್ದ್ಯಾ, ನೀ ಕುಂತಿದ್ರ?” ಎಂದು ನಕ್ಕೆಯಲ್ಲೋ. ಅಮ್ಮ ಅರಿಶಿನ ಒತ್ತುತ್ತಾ ಇಬ್ಬರನ್ನೂ ಬೈದಳು, ಶೇಂಗಾ ಉಂಡಿ ಮಾತ್ರ ನಿನಗೊಂದು ಹೆಚ್ಚಿಗೆ ಕೊಟ್ಟಳು. ನನಗೆ ಈಗಲೂ ಅದರ ಮೇಲೆ ಸಿಟ್ಟಿದೆ. ಆದರೆ ಪರೀಕ್ಷೆ ಅಂದರೆ ಅದು. ಯಾವ ಕಂಪನಿಯವನು ಹಾಗೆ ತಾನೇ ಕೂತು ನೋಡಿದ್ದಾನೆ? ಅಂಥವರ ಮಾತಿಗೆ ನೀನು ಯಾಕೆ ಜಾಮೀನು ನಿಲ್ಲುತ್ತೀಯ? ನಾನು ಬೈದದ್ದು ಅವರನ್ನು, ನಿನ್ನನ್ನಲ್ಲ.

ಶಿವ ನಿಮ್ಮಿಬ್ಬರನ್ನೂ ತಂಪಾಗಿಟ್ಟಿರಲಿ. ಅಂಗಡಿಗೆ ಗಿರಾಕಿ ಬರಲಿ, ಹಯಾತ್ ಸಾಬರೂ ಬರಲಿ.

ನಿನ್ನ ಅಕ್ಕ
ಉಡಚಮ್ಮ

ಮರೆತಿದ್ದೆ: ಪಂಚಮಿ ಇಪ್ಪತ್ತೊಂಬತ್ತಕ್ಕೆ. ನಾನು ಮದುವೆಯಾಗಿ ಹರಿಹರಕ್ಕೆ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸದೆ ನನ್ನನ್ನು ಕರೆಯಲು ಬಂದವನು ನೀನು. ಕರೆಯದೆ ತವರಿಗೆ ಬರುವವಳಲ್ಲ ನಾನು. ಹೊಸ ಗಾಜು ಬೇಡ. ಬಿರುಕಿನೊಳಗೂ ನಿನ್ನ ಹೆಸರು ಓದಲು ಬರುತ್ತದೆ, ರಿಂಗೂ ಕೇಳುತ್ತದೆ. ಬರುತ್ತೀಯೋ ಇಲ್ಲವೋ, ಇಪ್ಪತ್ತಾರನೇ ತಾರೀಖಿನೊಳಗೆ ಹೇಳು.