‘ನೋಡಲಾಗಿದೆ’ ಎಂಬ ಮುದ್ರೆ

ಅಕ್ಕಾ,

ಇವತ್ತು ನನಗೆ ಮೈಯೆಲ್ಲ ಉರಿದುಹೋಗಿದೆ. ನಮ್ಮ ಲ್ಯಾಬಿಗೆ ಹೊಸ ಡಾಕ್ಟರಮ್ಮ ಬಂದು, “ಗರ್ಭಕಂಠದ ಕ್ಯಾನ್ಸರ್ ಇರೋರ ರಕ್ತದ ವರದೀಲಿ ಎರಡು ಥರದ ಬಿಳಿಕಣಗಳ ಲೆಕ್ಕ ಇರತ್ತಲ್ಲ, ಇನ್ಮೇಲೆ ಒಂದನ್ನ ಇನ್ನೊಂದರಿಂದ ಭಾಗಿಸಿ ಬರೀರಿ. ಆ ಸಂಖ್ಯೆ ಏರ್ತಾ ಹೋದ್ರೆ ಉರಿಯೂತ ಏರ್ತಿದೆ ಅಂತ ಸುಳಿವು ಸಿಗತ್ತೆ. ಅದೊಂದನ್ನೇ ನಂಬೋಕಾಗಲ್ಲ, ಆದ್ರೆ ಎಚ್ಚರವಾಗಿರಬಹುದು” ಅಂದರು.

ಇನ್ಮೇಲಂತೆ! ಅದೇ ಕಾಯಿಲೆಯಲ್ಲಿ ನೀನು ತೀರಿಹೋಗಿ ಎರಡು ವರ್ಷವಾದ ಮೇಲೆ ‘ಇನ್ಮೇಲೆ’! ಹೊಸ ಪರೀಕ್ಷೆಯೂ ಬೇಡ, ಮೂರನೇ ಕ್ಲಾಸಿನ ಭಾಗಾಕಾರ ಸಾಕಂತೆ.

ನಿನ್ನ ಆರೂ ವರದಿಗಳನ್ನು ಹೊರತೆಗೆದು ಭಾಗಿಸಿದೆ. ಮೊದಲನೆಯದು ಎರಡು, ಕೊನೆಯದು ಒಂಬತ್ತು. ನಿನ್ನ ಆ ದೊಡ್ಡ ಡಾಕ್ಟರು ಒಂದನ್ನಾದರೂ ಸರಿಯಾಗಿ ಓದಿದ್ದನೇ? “ಬಿಳಿಕಣ ಸ್ವಲ್ಪ ಜಾಸ್ತಿ, ನೆಗಡಿ ಇರಬೇಕು” ಎಂದು ಮಡಚಿ ಕೊಟ್ಟನಲ್ಲ, ಅವನಿಗೆ ಕಣ್ಣು ಕಾಣಿಸುತ್ತಿರಲಿಲ್ಲವೇ?

ಪ್ರತಿ ಸಲವೂ ನೀನು ಲ್ಯಾಬಿನಲ್ಲಿ ವರದಿ ಕೊಡುವ ನನ್ನ ಕಿಟಕಿಗೆ ಬಂದು, “ಏನಂತೆ ನನ್ನ ರಕ್ತ, ಪಾಸಾ?” ಎಂದು ಕೇಳುತ್ತಿದ್ದೆ. ನಾನು ತಲೆಯೆತ್ತದೆ, “ಫಸ್ಟ್ ಕ್ಲಾಸು, ಹೋಗಕ್ಕಾ” ಅನ್ನುತ್ತಿದ್ದೆ.

ಆ ಡಾಕ್ಟರ ಮೇಲೆ ದೂರು ಬರೆಯಲು ಕೂತೆ. ಸಾಕ್ಷಿಗೆಂದು ವರದಿಗಳನ್ನು ಒಂದರ ಪಕ್ಕ ಒಂದು ಜೋಡಿಸಿದೆ. ಆರರ ಕೆಳಗೂ ‘ನೋಡಲಾಗಿದೆ’ ಎಂಬ ಮುದ್ರೆಯಿದೆ. ಮುದ್ರೆಯ ಮೇಲೆ ನನ್ನ ಸಹಿಯಿದೆ, ಅಕ್ಕಾ.