ಲವಂಗದ ಡಬ್ಬಿ

ಠಾಣೆ, ಭಾನುವಾರ

ಪ್ರೀತಿಯ ರಿಬ್ಕಾ ಆಂಟಿ,

ಯುವಶಿಬಿರದ ಫಾರ್ಮ್ ಇದರ ಜೊತೆಗಿದೆ. ನಿನ್ನೆ ಸಿನಗಾಗಿನಲ್ಲಿ ಸಬ್ಬತ್ ಮುಗಿಸುವ ಪ್ರಾರ್ಥನೆಯಲ್ಲಿ, ಎಲ್ಲರೂ ಮೂಸಿ ಪಕ್ಕದವರಿಗೆ ದಾಟಿಸುವ ಲವಂಗದ ಡಬ್ಬಿಯನ್ನು ನವೋಮಿ ಮೂಸಿ ಆ ಹೊಸ ಹುಡುಗಿ ಸಿಗಲ್‌ಗೆ ಕೊಟ್ಟಳು. ಆರು ವರ್ಷದಿಂದ ಅದು ಅವಳ ಕೈಯಿಂದ ನನ್ನ ಕೈಗೇ ಬರುತ್ತಿತ್ತು.

“ಯಾಕೇ ಮುಖ ಊದಿಸ್ಕೊಂಡಿದ್ದೀಯ?” ಎಂದು ಬೇರೆ ಕೇಳಿದಳು.

“ನೆಗಡಿ ಕಣೇ, ವಾಸನೇನೇ ಬರ್ತಿಲ್ಲ” ಎಂದೆ.

ನವೋಮಿಗೆ ಹೀಬ್ರೂ ಅಕ್ಷರ ತಿದ್ದಿಸಿದವಳು ನಾನು. ಈಗ ನಿಮ್ಮ ತರಗತಿಯಲ್ಲಿ ಅವರಿಬ್ಬರದೇ ಜೋಡಿ ಓದು. ಓದುವುದಕ್ಕಿಂತ ಕಿಸಿಯುವುದೇ ಹೆಚ್ಚು, ನೀವೂ ಗಮನಿಸಿರಬಹುದು.

ಫಾರ್ಮಿನಲ್ಲಿ ಕೋಣೆಯ ಜೊತೆಗಾತಿಯ ಹೆಸರು ಬರೆದಿಲ್ಲ. ನವೋಮಿ ಯಾರ ಹೆಸರು ಬರೆದಿದ್ದಾಳೆಂದು ದಯವಿಟ್ಟು ನೋಡಿ. ನನ್ನದಿದ್ದರೆ ಅವಳದನ್ನು ತುಂಬಿ. ಇಲ್ಲದಿದ್ದರೆ ಫಾರ್ಮ್ ಹರಿದುಹಾಕಿ, ಎಲಿಶೇಬಾಗೆ ನೆಗಡಿ ಇನ್ನೂ ಹೋಗಿಲ್ಲವೆಂದು ಹೇಳಿಬಿಡಿ.

ನಿಮ್ಮ ವಿದ್ಯಾರ್ಥಿನಿ,
ಎಲಿಶೇಬಾ ವಾಕ್ರೂಳ್ಕರ್