ಕಾರಣ ಕೇಳುವ ಖಾನೆ

೧೮ ನವೆಂಬರ್ ೨೦೨೫, ಮಂಗಳವಾರ. ದ್ವಾರಕಾ, ದೆಹಲಿ.

ನಾನು ಕಾಯಿಲೆ ಬಿದ್ದಿದ್ದೇನಂತೆ. ನೋಯ್ಡಾದ ಆಫೀಸಿನ ನಲವತ್ತು ಜನಕ್ಕೂ ಗೊತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಮೊಮ್ಮಗನ ಹೆಂಡತಿ ಇಂಚರಾ ಆಫೀಸಿನವರ ಚಾಟ್‌ನೊಳಗೇ ಒಂದು ಆ್ಯಪ್ ಕಟ್ಟುತ್ತಿದ್ದಾಳೆ. ಯಾವ ದಿನ ಆಫೀಸಿಗೆ, ಯಾವ ದಿನ ಮನೆಯಿಂದ ಕೆಲಸ ಎಂದು ಅದರಲ್ಲಿ ಒತ್ತಬೇಕು. ಮನೆ ಎಂದು ಒತ್ತಿದರೆ ಕಾರಣ ಕೇಳುವ ಖಾನೆ ತೆರೆಯುತ್ತದೆ. ಅವಳ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಏನೋ ಇತ್ತು. ಓದೇ ಎಂದೆ.

“ಅಜ್ಜಿಗೆ ಹುಷಾರಿಲ್ಲ ಅಂತ.”

“ಅಚ್ಛಾ! ಗುಂಡುಕಲ್ಲಿನ ಹಾಗಿರೋಳನ್ನ ಮಲಗಿಸಿಬಿಟ್ಟೆಯಾ?”

“ಮತ್ತೇನು ಬರೀಲಿ ಅಜ್ಜಿ? ಆ ಖಾನೆ ಮಾಡಿದವಳೂ ನಾನೇ.”

ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಅವಳ ಮೂರು ತಿಂಗಳ ಬಸಿರು ಹೋಗಿ ಇನ್ನೂ ಒಂಬತ್ತು ದಿನ.

ಊರಲ್ಲಿ ನಾಟಿಗೆ ನಾವು ನೆರೆಯವರ ಗದ್ದೆಗೆ, ಅವರು ನಮ್ಮ ಗದ್ದೆಗೆ ಮುಯ್ಯಾಳಾಗಿ ಹೋಗುತ್ತಿದ್ದ ಕಾಲದಲ್ಲಿ ನನಗೂ ಒಂದು ಬಸಿರು ಹೋಗಿತ್ತು. ನಾಳೆ ಬರೋಲ್ಲ ಎಂದು ಹೇಳಿ ಕಳಿಸಿದೆ, ಅಷ್ಟೇ. ಯಾಕೆಂದು ಒಬ್ಬಳೂ ಕೇಳಲಿಲ್ಲ. ಆಮೇಲೊಂದು ದಿನ ಹೋಗಿ ಮುಯ್ಯಿ ತೀರಿಸಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಇವತ್ತು ಅವಳಿಗೆ ಹೇಳಿದೆ.

ಅವಳು ಆ ಖಾನೆಯನ್ನು ನನ್ನೆದುರೇ ಅಳಿಸಿದಳು.

“ಬಾಸ್ ಒಪ್ಪಬೇಕಲ್ಲ. ಯಾಕೆ ತೆಗೆದೆ ಅಂತ ಕೇಳ್ತಾರೆ.”

“ಅದಕ್ಕೂ ಅಜ್ಜಿಗೆ ಹುಷಾರಿಲ್ಲ ಅಂದುಬಿಡು. ಬೇಕಾದರೆ ಕೆಮ್ಮಿ ತೋರಿಸ್ತೀನಿ.”

ಮಾತೇನೋ ಆಡಿದೆ. ಆ ಬಾಸ್ ಒಪ್ಪದಿದ್ದರೆ?

ಮೊಮ್ಮಗ ಊರಲ್ಲಿಲ್ಲ. ಅವಳ ಕೋಣೆಯ ದೀಪ ಇನ್ನೂ ಆರಿಲ್ಲ. ಹೋಗಿ ಪಕ್ಕದಲ್ಲಿ ಮಲಗುತ್ತೇನೆ, ಏನೂ ಕೇಳದೆ.